ಹಾಸನ ಸೀಮೆಯ ನೆಲದ ಲೆಕ್ಕ

ಕನ್ನಡ ಭಾಷೆಯು ಶಿಲೆಯ ಮೇಲೆ ಅಕ್ಷರರೂಪವನ್ನು ತಾಳಿ ನಿಂತ ಅತಿ ಪ್ರಾಚೀನ ಸಂದರ್ಭಗಳಲ್ಲಿ ಒಂದಾದ ಹಲ್ಮಿಡಿಯ ಶಾಸನವು ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಒಂದು ಸಣ್ಣ ಹಳ್ಳಿಯಲ್ಲಿ ದೊರೆಯಿತೆಂಬುದು ಶಾಲೆಯ ಮಕ್ಕಳಿಗೂ ತಿಳಿದ ಸಂಗತಿ. 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ, ಸುಮಾರು ಕ್ರಿ. ಶ. 450ರದೆಂದು ವಿದ್ವಾಂಸರು ಎಣಿಸುವ ಆ ಬರಹವನ್ನು ನಾವು ಲಿಪಿಗಾಗಿ ಓದಿದ್ದೇವೆ, ವ್ಯಾಕರಣಕ್ಕಾಗಿ ಓದಿದ್ದೇವೆ, ಕದಂಬರ ಇತಿಹಾಸಕ್ಕಾಗಿ ಓದಿದ್ದೇವೆ. ಆದರೆ ಅದರ ವಸ್ತುವಾದರೂ ಏನು? ಯುದ್ಧದಲ್ಲಿ ಪರಾಕ್ರಮವನ್ನು ತೋರಿದ ವಿಜ ಅರಸನೆಂಬವನಿಗೆ ಪಲ್ಮಿಡಿ, ಮೂಳಿವಳ್ಳಿ ಎಂಬ ಎರಡು ಊರುಗಳನ್ನು ಕೊಟ್ಟದ್ದು, ಮತ್ತು ಆ ಕೊಡುಗೆಯನ್ನು ಅಳಿದವರಿಗೆ ಮಹಾಪಾತಕವು ತಟ್ಟುವುದೆಂಬ ಎಚ್ಚರಿಕೆ. ಎಂದರೆ, ನಮ್ಮ ನುಡಿಯ ಆದಿಯ ಬರಹಗಳಲ್ಲೊಂದು ಭೂಮಿಯ ಹಕ್ಕುಪತ್ರವೇ ಆಗಿದ್ದಿತು. ಅಲ್ಲಿಂದ ಇಂದಿನವರೆಗೆ ಸಂದ ಹದಿನೈದು ಶತಮಾನಗಳಿಗೂ ಮಿಕ್ಕ ಕಾಲದಲ್ಲಿ ಈ ಸೀಮೆಯ ನೆಲದ ಲೆಕ್ಕವು ಕಲ್ಲಿನಿಂದ ಕಡತಕ್ಕೆ, ಕಡತದಿಂದ ಕಾಗದಕ್ಕೆ, ಕಾಗದದಿಂದ ಗಣಕಯಂತ್ರಕ್ಕೆ ಸಾಗಿ ಬಂದಿದೆ. ಆ ಪಯಣದಲ್ಲಿ ಬರೆಯುವವನು ಯಾರು, ಕಾಪಾಡುವವನು ಯಾರು, ತಿದ್ದಬಲ್ಲವನು ಯಾರು, ನೋಡಬಲ್ಲವನು ಯಾರು ಎಂಬ ನಾಲ್ಕು ಪ್ರಶ್ನೆಗಳಿಗೆ ಆಯಾ ಕಾಲವು ಕೊಟ್ಟ ಉತ್ತರಗಳು ಬೇರೆ ಬೇರೆ. ಉಳುವವನ ಬದುಕು ಆ ಉತ್ತರಗಳನ್ನೇ ಆಶ್ರಯಿಸಿಕೊಂಡು ಬಂದಿದೆಯಾದುದರಿಂದ, ಅವುಗಳ ಚರಿತ್ರೆಯು ರಾಜರ ಚರಿತ್ರೆಗಿಂತ ಕಡಮೆಯದೆಂದು ನಾನು ಭಾವಿಸುವುದಿಲ್ಲ.

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳವು ಈ ದೃಷ್ಟಿಯಿಂದ ಒಂದು ದೊಡ್ಡ ದಫ್ತರಖಾನೆಯೇ ಸರಿ. ಬಿ. ಎಲ್. ರೈಸ್ ಅವರು 1889ರಲ್ಲಿ ಈ ಒಂದು ಕ್ಷೇತ್ರದ ಶಾಸನಗಳಿಗಾಗಿಯೇ ಒಂದು ಸಂಪುಟವನ್ನು ಮೀಸಲಿಡಬೇಕಾಯಿತು. ಅವುಗಳಲ್ಲಿ ಸಲ್ಲೇಖನದಿಂದ ದೇಹವನ್ನು ತ್ಯಜಿಸಿದ ಮುನಿಗಳ ಸ್ಮರಣೆಯಿದೆ, ಗುರುಪರಂಪರೆಗಳ ಸ್ತುತಿಯಿದೆ. ಇವುಗಳ ನಡುವೆ ಗದ್ದೆಗಳೂ ಬೆದ್ದಲುಗಳೂ ಕೆರೆಗಳೂ ಸುಂಕಗಳೂ ಬೇಕಾದಷ್ಟು ಬರುತ್ತವೆ. ಹೊಯ್ಸಳ ಒಂದನೆಯ ನರಸಿಂಹನ ಭಂಡಾರಿಯಾಗಿದ್ದ ಹುಳ್ಳರಾಜನು ಇಪ್ಪತ್ತುನಾಲ್ವರು ತೀರ್ಥಂಕರರ ಬಸದಿಯನ್ನು ಕಟ್ಟಿಸಿದಾಗ, ಅರಸನು 1159ರಲ್ಲಿ ಸವಣೇರು ಎಂಬ ಗ್ರಾಮವನ್ನು ಅದಕ್ಕೆ ದತ್ತಿಯಾಗಿ ಬಿಟ್ಟನು. ಇಂತಹ ದಾನಶಾಸನಗಳಲ್ಲಿ ನಾಲ್ಕು ದಿಕ್ಕುಗಳ ಎಲ್ಲೆಯನ್ನು ಹೇಳುವ ರೀತಿ ಮನನೀಯವಾದುದು: ಮೂಡಲು ಇಂಥ ಹುತ್ತ, ತೆಂಕಲು ಇಂಥ ಕೆರೆಯ ಕೋಡಿ, ಪಡುವಲು ಇಂಥ ಆಲದ ಮರ, ಬಡಗಲು ನಟ್ಟ ಕಲ್ಲು. ಜೈನರ ದತ್ತಿಯಾದರೆ ಆ ಕಲ್ಲಿನ ಮೇಲೆ ಮುಕ್ಕೊಡೆ, ಶೈವರದಾದರೆ ಲಿಂಗಮುದ್ರೆ, ವೈಷ್ಣವರದಾದರೆ ಶಂಖಚಕ್ರ ಅಥವಾ ವಾಮನ. ಓದು ಬಾರದ ದನಗಾಹಿಗೂ ಆ ಚಿಹ್ನೆಯು ತಿಳಿಯುತ್ತಿದ್ದಿತು. ದಾಖಲೆಯು ದೇವಾಲಯದ ಮುಂದೆ, ಬಿಸಿಲು ಮಳೆಗಳಲ್ಲಿ, ಎಲ್ಲರ ಕಣ್ಣೆದುರಿಗೆ ನಿಂತಿದ್ದಿತು. ಅದನ್ನು ಅಳಿಸುವುದೆಂದರೆ ಉಳಿಯ ಶಬ್ದವು ಊರಿಗೆಲ್ಲ ಕೇಳುವಂತೆ ಅಳಿಸಬೇಕಾಗಿದ್ದಿತು.

ಹಾಗೆಂದು ಕಲ್ಲು ಎಲ್ಲವನ್ನೂ ಕಾಪಾಡಿತೆಂದು ತಿಳಿಯಬಾರದು. ಹದಿನೇಳನೆಯ ಶತಮಾನದ ವೇಳೆಗೆ ಬೆಳಗೊಳದ ದೇವರ ಭೂಮಿಗಳು, ಸ್ಥಾನಿಕರ ಸಂಕಷ್ಟದ ಕಾಲದಲ್ಲಿ, ಸಾಲ ಕೊಟ್ಟ ಶೆಟ್ಟರ ಕೈಗೆ ಅಡವಾಗಿ ಹೋಗಿದ್ದುವು. ಮೈಸೂರಿನ ಚಾಮರಾಜ ಒಡೆಯರು 1634ರಲ್ಲಿ ಈ ವಿಷಯವನ್ನು ವಿಚಾರಿಸಿ, ಆ ಭೂಮಿಗಳನ್ನು ಅಡವಿನಿಂದ ಬಿಡಿಸಿ, ಮುಂದೆ ದೇವರ ಸ್ವತ್ತನ್ನು ಅಡವಿಡಕೂಡದೆಂದು ಕಟ್ಟುಮಾಡಿದ ಸಂಗತಿಯೂ ಅಲ್ಲಿಯ ಕಲ್ಲಿನ ಮೇಲೆಯೇ ಉಂಟು. ಇಂದು ಹೊಲದ ಹಕ್ಕುದಾಖಲೆಯಾದ ಪಹಣಿಯ ಹನ್ನೊಂದನೆಯ ಕಲಮಿನಲ್ಲಿ ಬ್ಯಾಂಕಿನ ಸಾಲವನ್ನು ನಮೂದಿಸುವ, ಋಣ ತೀರಿದ ಮೇಲೆ ಅದನ್ನು ತೆಗೆದುಹಾಕುವ ಕ್ರಿಯೆಯನ್ನು ಕಾಣುವಾಗ, ಸ್ವತ್ತಿನ ಮೇಲಣ ಭಾರವನ್ನು ಜಾಹೀರಾಗಿ ತೋರಿಸಬೇಕೆಂಬ ವಿವೇಕವು ಈ ನೆಲದಲ್ಲಿ ಎಷ್ಟು ಹಳೆಯದೆಂಬುದು ನನಗೆ ನೆನಪಾಗದೆ ಇರುವುದಿಲ್ಲ.

ವಿಜಯನಗರದ ಉತ್ತರಕಾಲದಲ್ಲಿ ಈ ಸೀಮೆಯು ಪಾಳೆಯಗಾರರ ಪಾಲಾಯಿತು. ಹೇಮಾವತಿಯ ದಡದ ಹೊಳೆನರಸೀಪುರದಲ್ಲಿ ನಾಯಕರು ಕೋಟೆ ಕಟ್ಟಿಕೊಂಡು ಆಳಿದರು. ಅರಕಲಗೂಡನ್ನು ಹದಿನಾರನೆಯ ಶತಮಾನದಲ್ಲಿ ಕೃಷ್ಣಪ್ಪ ನಾಯಕನು ಕಟ್ಟಿಸಿದನೆಂದು ಹೇಳುವರು. ಕೊಳತೂರೆಂಬ ಅಗ್ರಹಾರವು ಹೊಳೆನರಸೀಪುರದ ನಾಯಕನ ಮಗನಾದ ಚನ್ನರಾಯನ ಹೆಸರಿನಿಂದ ಚನ್ನರಾಯಪಟ್ಟಣವಾಯಿತು. ಈ ಕೋಟೆಗಳ ಕಾಳಗಗಳನ್ನು ಬಲ್ಲವರು ಬರೆದಿದ್ದಾರೆ. ನನಗೆ ಇಲ್ಲಿ ಬೇಕಾದದ್ದು ಆ ಕೋಟೆಗಳೊಳಗೂ ಹೊರಗೂ ಮನೆಯ ಜಗಲಿಯ ಮೇಲೆ ಕುಳಿತು ಲೆಕ್ಕ ಬರೆಯುತ್ತಿದ್ದವನು. ಪ್ರಭುಗಳು ಬದಲಾದರು, ಹೈದರನೂ ಟಿಪ್ಪುವೂ ಬಂದು ಹೋದರು, ಪೂರ್ಣಯ್ಯನವರ ದಿವಾನಗಿರಿ ಬಂದಿತು. ಗ್ರಾಮದ ಶ್ಯಾನುಭೋಗನು ಮಾತ್ರ ಕುಳಿತ ಸ್ಥಳವನ್ನು ಬಿಟ್ಟು ಏಳಲಿಲ್ಲ.

ಅವನ ಸಾಧನ ಕಡತ. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಆ ಕಪ್ಪು ಮೈಯ ಮೇಲೆ ಬಳಪದಿಂದ ಬರೆಯುವ ಪದ್ಧತಿ ಮೈಸೂರು ದೇಶದಲ್ಲೆಲ್ಲ ಇದ್ದಿತು. ಕರ್ನಲ್ ವಿಲ್ಕ್ಸ್ ತನ್ನ ಚರಿತ್ರಗ್ರಂಥದಲ್ಲಿ ಇದನ್ನು ವರ್ಣಿಸಿದ್ದಾನೆ. ಜೋಪಾನವಾಗಿಟ್ಟರೆ ಕಡತವು ತಲೆಮಾರುಗಳವರೆಗೆ ಬಾಳುವುದು. ಬೇಡವೆಂದರೆ ಒದ್ದೆಯ ಬಟ್ಟೆಯಿಂದ ಒರಸಿ ಮತ್ತೆ ಬರೆಯಲೂಬಹುದು. ಈ ಎರಡನೆಯ ಗುಣದಲ್ಲಿಯೇ ಶಾಸನಕ್ಕೂ ಕಡತಕ್ಕೂ ಇರುವ ಭೇದವೆಲ್ಲ ಅಡಗಿದೆ. ದಾಖಲೆಯು ಬಯಲಿನಿಂದ ಮನೆಯೊಳಗೆ ಬಂದಿತು. ಎಲ್ಲರ ಕಣ್ಣಿನಿಂದ ಒಬ್ಬನ ಕೈಗೆ ಬಂದಿತು. ಅಂದಿನ ಅಳತೆಗಳೂ ಇದಕ್ಕೆ ತಕ್ಕಂತೆಯೇ ಇದ್ದುವು. ಇಷ್ಟು ಕೊಳಗ, ಇಷ್ಟು ಖಂಡುಗ ಬಿತ್ತನೆಯ ನೆಲವೆಂದು ಬೀಜದ ಲೆಕ್ಕದಿಂದ ಭೂಮಿಯನ್ನು ಅಳೆಯುತ್ತಿದ್ದ ಕಾಲದಲ್ಲಿ, ಹೇಮಾವತಿಯ ಕೆಳಗಣ ಗದ್ದೆಯ ಖಂಡುಗಕ್ಕೂ ಚನ್ನರಾಯಪಟ್ಟಣದ ಕೆಂಪು ನೆಲದ ಖಂಡುಗಕ್ಕೂ ವಿಸ್ತಾರದಲ್ಲಿ ಹೋಲಿಕೆಯೇ ಇರಲಿಲ್ಲ. ಆ ಅಳತೆಯನ್ನು ಬಲ್ಲವನು ಆ ನೆಲದ ಮೇಲೆ ನಡೆದವನು ಮಾತ್ರ. ಅದನ್ನು ಅಜ್ಞಾನವೆಂದು ಹಳಿಯುವುದು ಸುಲಭ. ಆದರೆ ನೆಲದ ಸತ್ತ್ವವನ್ನೂ ನೀರಿನ ಆಸರೆಯನ್ನೂ ವಿಸ್ತೀರ್ಣದೊಂದಿಗೆ ಒಂದೇ ಮಾತಿನಲ್ಲಿ ಹೇಳಬಲ್ಲ ಬೇರೆ ಅಳತೆಯನ್ನು ನಾವು ಇನ್ನೂ ಕಂಡುಕೊಂಡಿಲ್ಲ.

1831ರಲ್ಲಿ ರಾಜ್ಯಭಾರವು ಬ್ರಿಟಿಷ್ ಕಮಿಷನರರ ಕೈಸೇರಿದ ಮೇಲೆ, ಲೆವಿನ್ ಬೌರಿಂಗ್ ಅವರ ಆಡಳಿತಕಾಲದಲ್ಲಿ, 1863ರಿಂದ ಮೈಸೂರಿನಲ್ಲಿ ಮುಂಬಯಿಯ ಪದ್ಧತಿಯ ಭೂಮಾಪನವೂ ಕಂದಾಯ ನಿರ್ಣಯವೂ ಆರಂಭವಾದುವು. ಕ್ರಮೇಣ ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಹೊಲಗಳ ಮೇಲೆ ಸರಪಳಿಯು ಹರಿಯಿತು. ಆ ಸರಪಳಿಯ ಉದ್ದ 33 ಅಡಿ. ಅದಕ್ಕೆ 16 ಆಣೆ. ಒಂದು ಸರಪಳಿ ಚೌಕವಾದರೆ 1,089 ಚದರಡಿ, ಅದೇ ಒಂದು ಗುಂಟೆ. ಅಂತಹ 40 ಗುಂಟೆಗೆ ಒಂದು ಎಕರೆ. ಇಂದಿಗೂ ಈ ಸೀಮೆಯ ರೈತನು ಅಣ್ಣತಮ್ಮಂದಿರೊಡನೆ ಪಾಲಾಗುವಾಗ ಗುಂಟೆ ಆಣೆಗಳಲ್ಲಿಯೇ ಮಾತಾಡುತ್ತಾನೆ. ಪ್ರತಿಯೊಂದು ಹೊಲಕ್ಕೂ ಸರ್ವೆ ನಂಬರು. ಮೂಲೆ ಮೂಲೆಗೆ ಬಾಂದುಕಲ್ಲು. ಅಳತೆಯ ವಿವರಗಳನ್ನು ಸ್ಥಳದಲ್ಲಿಯೇ ಗುರುತುಹಾಕಿಕೊಂಡ ಟಿಪ್ಪಣಿ. ವಿಸ್ತೀರ್ಣ, ಖರಾಬು ಎಂಬ ಸಾಗುವಳಿಗೆ ಬಾರದ ನೆಲ, ಆಕಾರವೆಂಬ ಕಂದಾಯ, ಇವುಗಳನ್ನು ಒಟ್ಟುಗೂಡಿಸಿದ ಆಕಾರ್‌ಬಂದ್. ಅಂಗುಲಕ್ಕೆ 20 ಸರಪಳಿಯ, ಎಂದರೆ 660 ಅಡಿಯ, ಪ್ರಮಾಣದಲ್ಲಿ ಎಳೆದ ಗ್ರಾಮನಕಾಶೆ. ಹುಣಸೆಮರದ ಹೊಲ, ಕಟ್ಟೆ ಕೆಳಗಿನ ಗದ್ದೆ, ಮಾರಿಗುಡಿ ಹಿಂದಿನ ತಾಕು ಎಂದು ಹೆಸರುಗೊಂಡಿದ್ದ ನೆಲಗಳು ಸಂಖ್ಯೆಗಳಾದುವು.

ಕಂದಾಯದ ಆಸೆಯಿಂದ ನಡೆದ ಈ ಕಾರ್ಯವು ಪರಿಣಾಮದಲ್ಲಿ ಒಂದು ಮಹತ್ತರವಾದ ಸಾಧನೆಯೆಂಬುದನ್ನು ಒಪ್ಪಲೇಬೇಕು. ಸರಪಳಿಯನ್ನೂ ಕ್ರಾಸ್‌ಸ್ಟಾಫನ್ನೂ ಹೊತ್ತು, ಮಲೆನಾಡಿನ ಅಂಚಿನಲ್ಲಿ ಜಿಗಣೆಗಳನ್ನು ಕಿತ್ತುಹಾಕಿಕೊಳ್ಳುತ್ತ, ಬಯಲಿನಲ್ಲಿ ಬಿಸಿಲನ್ನು ತಿನ್ನುತ್ತ, ಹೆಸರಿಲ್ಲದ ಮೋಜಣಿದಾರರು ಬರೆದಿಟ್ಟ ಟಿಪ್ಪಣಿಗಳ ಮೇಲೆಯೇ ನಮ್ಮ ಇಂದಿನ ಗಣಕಯಂತ್ರದ ದಾಖಲೆಗಳೆಲ್ಲ ನಿಂತಿವೆ. ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಆ ಕಾಗದಗಳು ಹಳದಿಯಾಗಿ, ಮಡಿಕೆಯಲ್ಲಿ ಹರಿದು, ಮುಟ್ಟಿದರೆ ಪುಡಿಯಾಗುವ ಸ್ಥಿತಿಯಲ್ಲಿ ಇದ್ದರೂ, ಒಂದು ಗಡಿಯ ವ್ಯಾಜ್ಯವು ಹುಟ್ಟಿದರೆ ಇಂದಿಗೂ ಕಟ್ಟಕಡೆಗೆ ತೆರೆದು ನೋಡುವುದು ಅವುಗಳನ್ನೇ.

ಮಾಪನವು ನೆಲವನ್ನು ಗೊತ್ತುಮಾಡಿತು. ಹಿಡುವಳಿದಾರನನ್ನು ಗೊತ್ತುಮಾಡುವ ಕೆಲಸ ಶ್ಯಾನುಭೋಗನಲ್ಲಿಯೇ ಉಳಿಯಿತು. 1888ರ ಮೈಸೂರು ಭೂಕಂದಾಯ ಸಂಹಿತೆಯೂ 1908ರ ಗ್ರಾಮಾಧಿಕಾರಗಳ ಕಾಯಿದೆಯೂ ಪಟೇಲ ಶ್ಯಾನುಭೋಗರ ವಂಶಪಾರಂಪರ್ಯವಾದ ಹುದ್ದೆಗಳಿಗೆ ಕಟ್ಟುಪಾಡುಗಳನ್ನು ರಚಿಸಿದುವೇ ಹೊರತು, ಅವುಗಳನ್ನು ಕಿತ್ತುಹಾಕಲಿಲ್ಲ. ಜಮಾಬಂದಿಯ ಕಾಲ ಬಂದರೆ ಲೆಕ್ಕದ ಪುಸ್ತಕಗಳ ಗಂಟನ್ನು ಹೊತ್ತು ಕಸಬೆಗೆ ಹೋಗುವುದು, ಅಮಲ್ದಾರರ ಎದುರಿಗೆ ನಿಂತು ಒಪ್ಪಿಸುವುದು, ಹಿಂದಿರುಗಿ ಬಂದು ಊರಿನಲ್ಲಿ ಆ ಲೆಕ್ಕದ ಬಲದಿಂದಲೇ ದೊಡ್ಡವನಾಗಿ ಬಾಳುವುದು. ಈ ಬದುಕಿನ ಒಳಹೊರಗನ್ನು ತಿಳಿಯಬೇಕಾದವರು ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ವನ್ನು ಓದಬೇಕು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಅವರು 1970ರಲ್ಲಿ ಪ್ರಕಟಿಸಿದ ಆ ಕಾದಂಬರಿಯಲ್ಲಿ, ಶ್ಯಾನುಭೋಗಿಕೆ ಗಂಡನದು, ಹೆಸರು ಗಂಡನದು, ಆದರೆ ಲೆಕ್ಕಗಳನ್ನು ಕಲಿತು ಬರೆಯುವವಳು ಹೆಂಡತಿ ನಂಜಮ್ಮ. ಒಂದು ಗ್ರಾಮದ ಸಮಸ್ತ ಭೂಮಿಯ ಹಕ್ಕುಗಳನ್ನೂ ತನ್ನ ಕೈಬರಹದಲ್ಲಿ ನಿಲ್ಲಿಸಿದ ಹೆಣ್ಣಿಗೆ, ತನ್ನದೆನ್ನುವ ಒಂದು ಅಂಗೈ ನೆಲವನ್ನು ಉಳಿಸಿಕೊಳ್ಳುವುದು ಎಷ್ಟು ದುಸ್ತರವಾಗಿದ್ದಿತೆಂಬುದನ್ನು ಆ ಪುಸ್ತಕದಷ್ಟು ತೀಕ್ಷ್ಣವಾಗಿ ಯಾವ ಸರ್ಕಾರಿ ವರದಿಯೂ ಹೇಳಿಲ್ಲ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಾನವಾದ ಪಾಲನ್ನು ಕರ್ನಾಟಕವು ಶಾಸನಬದ್ಧಗೊಳಿಸಿದ್ದು 1994ರಲ್ಲಿ. ಇಂದು ಯಾವ ಹಳ್ಳಿಯ ಪಹಣಿಗಳನ್ನು ತೆರೆದರೂ ಒಂಬತ್ತನೆಯ ಕಲಮಿನಲ್ಲಿ, ಎಂದರೆ ಸ್ವಾಧೀನದಾರರ ಹೆಸರಿರುವ ಸ್ಥಳದಲ್ಲಿ, ಹೆಣ್ಣುಮಕ್ಕಳ ಹೆಸರು ವಿರಳ. ಯಂತ್ರವನ್ನು ಇದಕ್ಕೆ ದೂಷಿಸಲಾಗದು. ಅದು ನಾವು ಕೊಟ್ಟದ್ದನ್ನು ತೋರಿಸುತ್ತಿದೆ.

ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು ರದ್ದುಮಾಡುವ ಕಾಯಿದೆ 1961ರಲ್ಲಿ ಆಯಿತು. 1963ರ ಫೆಬ್ರವರಿ 1ರಿಂದ ಜಾರಿಗೆ ಬಂದಿತು. ತಲೆಮಾರುಗಳಿಂದ ಮನೆಯ ಅಟ್ಟದ ಮೇಲಿದ್ದ ಲೆಕ್ಕಗಳು ಸರ್ಕಾರದ ಗ್ರಾಮಲೆಕ್ಕಿಗನ ಪೆಟ್ಟಿಗೆಗೆ ಬಂದುವು. 1964ರ ಭೂಕಂದಾಯ ಕಾಯಿದೆಯು ಹಕ್ಕುದಾಖಲೆಯನ್ನು ವ್ಯವಸ್ಥೆಗೊಳಿಸಿತು. ಅದರ ಒಂದು ಮಾತನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕಾಗಿದೆ. ದಾಖಲೆಯಲ್ಲಿರುವುದು ಸುಳ್ಳೆಂದು ರುಜುವಾತಾಗುವವರೆಗೆ ನಿಜವೆಂದು ಭಾವಿಸತಕ್ಕದ್ದು ಎಂಬುದಷ್ಟೆ ಅದರ ಭರವಸೆ. ಇದು ಮಾಲೀಕತ್ವಕ್ಕೆ ಸರ್ಕಾರವು ಕೊಟ್ಟ ಜಾಮೀನಲ್ಲ. ಅಂತಹ ಜಾಮೀನನ್ನು ಕೊಡುವ ಪದ್ಧತಿಯನ್ನು ದಕ್ಷಿಣ ಆಸ್ಟ್ರೇಲಿಯದಲ್ಲಿ ರಾಬರ್ಟ್ ಟಾರೆನ್ಸ್ ಎಂಬವನು 1858ರಲ್ಲಿಯೇ ಸ್ಥಾಪಿಸಿದನು. ನಮ್ಮ ದೇಶವು ಅದರ ಕಡೆಗೆ ನೋಡುತ್ತಲೇ ಇದೆ. ಆದರೂ ಆ ‘ನಿಜವೆಂದು ಭಾವಿಸುವ’ ಒಂದು ಸಾಲಿನ ಬೆಲೆಯೆಷ್ಟೆಂಬುದು 1974ರ ಬಳಿಕ ತಿಳಿಯಿತು. ದೇವರಾಜ ಅರಸರ ಕಾಲದ ಭೂಸುಧಾರಣೆಯ ತಿದ್ದುಪಡಿಯು ಗೇಣಿದಾರನನ್ನೇ ಒಡೆಯನನ್ನಾಗಿ ಮಾಡಲು ಹೊರಟಾಗ, ಏಳನೆಯ ನಮೂನೆಯ ಅರ್ಜಿಯನ್ನು ಹಿಡಿದು ಭೂನ್ಯಾಯಮಂಡಳಿಯ ಮುಂದೆ ನಿಂತವನಿಗೆ ಮೊದಲು ಕೇಳಿದ ಪ್ರಶ್ನೆ, ಪಹಣಿಯ ಸಾಗುವಳಿ ಕಲಮಿನಲ್ಲಿ ನಿನ್ನ ಹೆಸರುಂಟೋ ಎಂಬುದು. ಹಲವು ವರ್ಷ ಹೊಲವನ್ನು ಉತ್ತಿದ್ದರೂ, ಬರೆಯುವವನು ಒಡೆಯನ ಮಾತಿಗೆ ತಲೆಬಾಗಿ ಆ ಕಲಮಿನಲ್ಲಿ ‘ಸ್ವಂತ’ ಎಂದು ಬರೆದಿದ್ದರೆ, ಉತ್ತವನು ತನ್ನ ಬೆವರಿಗೆ ಸಾಕ್ಷಿಯನ್ನು ಹುಡುಕಿಕೊಂಡು ಅಲೆಯಬೇಕಾಯಿತು.

ಅದೇ ದಶಕದಲ್ಲಿ ಗೊರೂರಿನ ಬಳಿ ಹೇಮಾವತಿಗೆ ಅಣೆಕಟ್ಟು ಎದ್ದಿತು. ‘ಹಳ್ಳಿಯ ಚಿತ್ರಗಳು’ ಬರೆದ ಗೊರೂರು ರಾಮಸ್ವಾಮಿ ಅಯ್ಯಂಗಾರರ ಊರಿನ ಸುತ್ತಣ ನೆಲದಲ್ಲಿ, ಹೊಲಗಳೂ ಮನೆಗಳೂ ದೇವಾಲಯಗಳೂ ನೀರಿನ ಪಾಲಾದುವು. ಮಳೆಗಾಲದಲ್ಲಿ ಅರ್ಧ ಮುಳುಗಿ ನಿಲ್ಲುವ ಶೆಟ್ಟಿಹಳ್ಳಿಯ ಹಳೆಯ ಇಗರ್ಜಿಯನ್ನು ನೋಡಲು ಇಂದು ಪ್ರವಾಸಿಗಳು ಬರುತ್ತಾರೆ. ಆದರೆ ಆ ನೀರಿನ ಕೆಳಗೆ ಬಾಂದುಕಲ್ಲುಗಳೂ ಇವೆಯೆಂಬುದನ್ನು ಅವರು ನೆನೆಯಲಿಕ್ಕಿಲ್ಲ. ಸರ್ವೆ ನಂಬರು ನೀರಿನಡಿಯಲ್ಲಿ, ಅದರ ಒಡೆಯನು ಬೇರೆ ಊರಿನಲ್ಲಿ, ಅವನ ಪರಿಹಾರದ ಹಕ್ಕು ಕಚೇರಿಯ ಕಾಗದದಲ್ಲಿ. ಇನ್ನೊಂದು ಕಡೆ ಅದೇ ನೀರು ನಾಲೆಗಳಾಗಿ ಹರಿದು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಖುಷ್ಕಿಯನ್ನು ತರಿಯಾಗಿ ಮಾಡಿ ನೆಲದ ಬೆಲೆಯನ್ನೇ ಬದಲಾಯಿಸಿತು. ನೂರು ವರ್ಷಗಳ ಹಿಂದಿನ ನಕಾಶೆಯು ಇಂಥ ಪಲ್ಲಟಗಳನ್ನು ಹೊರಲು ಶಕ್ತವಾಗಿರಲಿಲ್ಲ.

ಇಪ್ಪತ್ತನೆಯ ಶತಮಾನದ ಕೊನೆಯ ವೇಳೆಗೆ ಕರ್ನಾಟಕದಲ್ಲಿ ಸುಮಾರು 9,000 ಗ್ರಾಮಲೆಕ್ಕಿಗರಿದ್ದರು. ಒಬ್ಬೊಬ್ಬನ ಕೈಯಲ್ಲಿ ಕೆಲವು ಹಳ್ಳಿಗಳ ಪಹಣಿ. ಬೆಳೆಸಾಲಕ್ಕೆ ಪಹಣಿ ಬೇಕಾದ ರೈತನು ಅವನನ್ನು ಹುಡುಕಬೇಕು, ಸಿಕ್ಕರೆ ಬೇಡಬೇಕು, ಬೇಡಿದರೂ ಬರಿಗೈಯಲ್ಲಿ ನಿಂತರೆ ಆಗದೆಂಬುದನ್ನು ಹಳ್ಳಿಯಲ್ಲಿ ಹುಟ್ಟಿದವರಿಗೆ ಹೇಳಬೇಕಾಗಿಲ್ಲ. ಈ ಸ್ಥಿತಿಗೆ ಉತ್ತರವಾಗಿ ಕಂದಾಯ ಇಲಾಖೆಯೂ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವೂ ಕೂಡಿ ರೂಪಿಸಿದ ತಂತ್ರಾಂಶವೇ ‘ಭೂಮಿ’. ರಾಜೀವ್ ಚಾವ್ಲಾ ಎಂಬ ಅಧಿಕಾರಿಯ ನೇತೃತ್ವದಲ್ಲಿ, ಎಸ್. ಎಂ. ಕೃಷ್ಣ ಅವರು ಮುಖ್ಯಮಂತ್ರಿಗಳಾಗಿದ್ದ ಕಾಲದಲ್ಲಿ, ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿ ಪಹಣಿಗಳನ್ನು ತಾಲ್ಲೂಕು ತಾಲ್ಲೂಕಿನಲ್ಲಿ ಯಂತ್ರಕ್ಕೆ ಏರಿಸಿದರು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಆಗ 15 ರೂಪಾಯಿ ಕೊಟ್ಟರೆ ಪಹಣಿ ದೊರೆಯುತ್ತಿದ್ದಿತು. ಅದನ್ನು ಪಡೆಯಲು ಯಾರ ಅನುಗ್ರಹವೂ ಬೇಡ, ಯಾಕೆಂಬ ಪ್ರಶ್ನೆಯೂ ಇಲ್ಲ. ಒಂದು ತಾಲ್ಲೂಕಿನಲ್ಲಿ ವ್ಯವಸ್ಥೆಯು ನೆಲೆಗೊಂಡ ಮೇಲೆ ಅಲ್ಲಿಯ ಕೈಬರಹದ ಪಹಣಿಗೆ ಮಾನ್ಯತೆಯಿಲ್ಲವೆಂದು ಸಾರಿದರು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ತೆಗೆದುಕೊಳ್ಳಬೇಕೆಂದು ಯಂತ್ರವು ಒತ್ತಾಯಿಸಿತು. ದಾಖಲೆಯನ್ನು ಮುಟ್ಟುವ ನೌಕರನು ಬೆರಳಚ್ಚನ್ನು ಒತ್ತಿಯೇ ಒಳಗೆ ಹೋಗಬೇಕಾಯಿತು, ಮತ್ತು ಅವನು ಏನು ತಿದ್ದಿದನೆಂಬುದು ಅವನ ಹೆಸರಿನ ಸಹಿತ ಉಳಿಯಿತು.

ಈ ಕೊನೆಯ ಅಂಶವನ್ನು ಕಡತದ ಒದ್ದೆಬಟ್ಟೆಯ ಪಕ್ಕದಲ್ಲಿಟ್ಟು ನೋಡಬೇಕು. ಒರಸಿದವನ ಗುರುತು ಉಳಿಯುವಂತಹ ದಾಖಲೆಯನ್ನು ಈ ಸೀಮೆಯು ಶಾಸನಗಳ ಕಾಲದ ಅನಂತರ ಮೊತ್ತಮೊದಲಿಗೆ ಕಂಡದ್ದು ಆಗಲೇ. ಅರಕಲಗೂಡಿನ ಹೊಗೆಸೊಪ್ಪಿನ ಬೆಳೆಗಾರನೂ, ಹಾಸನದ ಆಲೂಗಡ್ಡೆಯ ರೈತನೂ, ಚನ್ನರಾಯಪಟ್ಟಣದ ತೆಂಗಿನ ತೋಟದವನೂ ತನ್ನ ನೆಲದ ಮೇಲೆ ಬರೆದಿರುವುದನ್ನು ತಾನೇ ಕಣ್ಣಾರೆ ಕಾಣಬಹುದಾದುದು, ನನ್ನ ಅಭಿಪ್ರಾಯದಲ್ಲಿ, ನಮ್ಮ ಕಾಲದ ಆಡಳಿತದ ಅತ್ಯಂತ ಮಾನ್ಯವಾದ ಕಾರ್ಯಗಳಲ್ಲಿ ಒಂದು. ಅದನ್ನು ಕುರಿತು ಹಗುರವಾಗಿ ಮಾತಾಡುವವರು ಕಚೇರಿಯ ಕಟ್ಟೆಯ ಮೇಲೆ ಕಾದು ಕುಳಿತವರಲ್ಲ.

ಆದರೆ ಯಂತ್ರವು ಕಾಗದವನ್ನು ಓದಿತು, ನೆಲವನ್ನು ಅಳೆಯಲಿಲ್ಲ. ಇದೇ ಈ ಕಥೆಯ ಮರ್ಮಸ್ಥಾನ. ಪಹಣಿಯ ಮೂರನೆಯ ಕಲಮಿನಲ್ಲಿ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ. ಒಂಬತ್ತನೆಯ ಕಲಮಿನಲ್ಲಿ ಹಿಡುವಳಿದಾರರ ಹೆಸರುಗಳೂ ಅವರವರ ಪಾಲೂ. ಪಾಲುಗಳನ್ನು ಕೂಡಿದರೆ ಒಟ್ಟಿಗೆ ಸಮನಾಗಬೇಕಷ್ಟೆ. ಎಷ್ಟೋ ಸರ್ವೆ ನಂಬರುಗಳಲ್ಲಿ ಆಗಲಿಲ್ಲ. ನಾಲ್ಕು ಎಕರೆಯ ಹೊಲದಲ್ಲಿ ನಾಲ್ಕೂವರೆ ಎಕರೆ ಮಾರಾಟವಾಗಿದ್ದಿತು. ಕ್ರಯಪತ್ರದಲ್ಲಿ ಒಂದು, ಆಕಾರ್‌ಬಂದ್‌ನಲ್ಲಿ ಒಂದು, ಪಹಣಿಯಲ್ಲಿ ಮತ್ತೊಂದು ಅಂಕೆಯಿದ್ದಿತು. ಕೈಬರಹದ ಪುಸ್ತಕಗಳಲ್ಲಿ ದಶಕಗಳ ಕಾಲ ಮೌನವಾಗಿ ಕುಳಿತಿದ್ದ ಈ ವಿರೋಧಗಳೆಲ್ಲ, ಯಂತ್ರವು ಕೂಡುವ ಲೆಕ್ಕವನ್ನು ಬಲ್ಲದ್ದಾದುದರಿಂದ, ಒಮ್ಮೆಲೇ ಹೊರಬಂದುವು. ‘ಮೂರು ಒಂಬತ್ತು ತಾಳೆಯಿಲ್ಲ’ ಎಂಬ ಮಾತನ್ನು ಕೇಳಿ ತಾಲ್ಲೂಕು ಕಚೇರಿಯಿಂದ ಹಿಂದಿರುಗದ ಹಿಡುವಳಿದಾರರ ಮನೆತನ ಕಡಮೆ. ಯಂತ್ರಕ್ಕೆ ಏರಿಸುವಾಗ ಆದ ಹೆಸರಿನ ತಪ್ಪುಗಳು ಬೇರೆ.

ಇದಕ್ಕಿಂತ ಆಳವಾದುದು ಪೋಡಿಯ, ಎಂದರೆ ಸರ್ವೆ ನಂಬರನ್ನು ಅಳೆದು ಪಾಲುಗಳಾಗಿ ಬೇರ್ಪಡಿಸುವ, ಸಮಸ್ಯೆ. ಅಜ್ಜನ ಕಾಲದಲ್ಲಿ ಒಂದಾಗಿದ್ದ ಸರ್ವೆ ನಂಬರನ್ನು ಮಕ್ಕಳು ಬಾಯಿಮಾತಿನಲ್ಲಿ ಪಾಲುಮಾಡಿಕೊಂಡು, ಮೊಮ್ಮಕ್ಕಳು ಬದುಗಳನ್ನು ಹಾಕಿಕೊಂಡು, ಮರಿಮಕ್ಕಳು ಅದರಲ್ಲಿ ಕೆಲವನ್ನು ಮಾರಿ, ನೆಲದ ಮೇಲೆ ಹತ್ತು ತುಂಡುಗಳಾಗಿದ್ದರೂ ನಕಾಶೆಯಲ್ಲಿ ಅದು ಇಂದಿಗೂ ಒಂದೇ ತುಂಡು. ಖಾತೆಯು ಅಜ್ಜನ ಹೆಸರಿನಲ್ಲಿಯೇ. ಪೌತಿಯಾದವನ ಹೆಸರಿಗೆ ಸರ್ಕಾರವು ಸಾಲ ಕೊಡದು, ಪರಿಹಾರ ಕೊಡದು; ಬದುಕಿರುವವನ ಹೆಸರು ದಾಖಲೆಯಲ್ಲಿ ಇಲ್ಲ. ಸೋಮಾರಿತನವೆಂದು ಇದನ್ನು ಗದರಿಸಿ ಬಿಡುವುದು ಅನ್ಯಾಯವಾದೀತು. ವಂಶವೃಕ್ಷ, ಒಪ್ಪಿಗೆ, ಅಳತೆಯ ಶುಲ್ಕ, ದೂರದ ಊರಿನಲ್ಲಿರುವ ದಾಯಾದಿಯ ಸಹಿ, ಇವಿಷ್ಟನ್ನೂ ಕೂಡಿಸುವಷ್ಟರಲ್ಲಿ ಒಂದು ಸಣ್ಣ ಹಿಡುವಳಿಯ ಒಂದು ವರ್ಷದ ಆದಾಯವೇ ಕರಗುವುದುಂಟು.

ನೋಂದಣಿಯ ಇಲಾಖೆಯು 2003ರಿಂದ ‘ಕಾವೇರಿ’ ಎಂಬ ತಂತ್ರಾಂಶವನ್ನು ಬಳಸತೊಡಗಿತು. 2023ರಲ್ಲಿ ಅದರ ಹೊಸ ಆವೃತ್ತಿಯು ಬಂದಿತು. ಕೊಳ್ಳುವವನ, ಮಾರುವವನ ಚಿತ್ರವೂ ಹೆಬ್ಬೆರಳ ಗುರುತೂ ಉಪನೋಂದಣಾಧಿಕಾರಿಯ ಎದುರಿಗೇ ಯಂತ್ರದಲ್ಲಿ ಅಚ್ಚಾಗುತ್ತವೆ. ಕಾವೇರಿಗೂ ಭೂಮಿಗೂ ಸಂಬಂಧ ಕಲ್ಪಿಸಿದ ಮೇಲೆ, ಕ್ರಯವಾದ ಸುದ್ದಿ ತಾನಾಗಿಯೇ ತಾಲ್ಲೂಕು ಕಚೇರಿಗೆ ಹೋಗಿ ಖಾತೆ ಬದಲಾವಣೆಯ ಕ್ರಿಯೆ ಆರಂಭವಾಗುತ್ತದೆ. ಸರ್ವೆ ನಂಬರಿನ ಒಂದು ಭಾಗವನ್ನು ಮಾರುವುದಾದರೆ ಮೊದಲು ಮೋಜಣಿದಾರನಿಂದ ಆ ಭಾಗವನ್ನು ಅಳೆದು ತೋರಿಸುವ ಹನ್ನೊಂದು-ಇ ನಕ್ಷೆಯನ್ನು ಮಾಡಿಸಲೇಬೇಕು. ಈ ನಿಯಮವನ್ನು ಕಿರುಕುಳವೆಂದು ಬೈಯುವವರು ಬಹಳ. ನಾನು ಇದನ್ನು ಮನಸಾರೆ ಮೆಚ್ಚುತ್ತೇನೆ. ಏಕೆಂದರೆ, ಕಾಗದದಲ್ಲಿ ಮಾತ್ರ ಇರುವ ನೆಲವನ್ನು ಮಾರುವ ಪದ್ಧತಿಗೆ ಬಿದ್ದ ಮೊದಲ ಕಡಿವಾಣ ಅದು.

ಹಾಸನ ನಗರದ ಅಂಚಿನಲ್ಲಿ, ಹೊಲಗಳು ಪರಿವರ್ತನೆಯಾಗಿ ಬಡಾವಣೆಗಳಾಗುತ್ತಿರುವ ಕಡೆ, ಈ ನಿಯಮದ ಬೆಲೆ ದಿನೇ ದಿನೇ ಕಾಣುತ್ತಿದೆ. ಬೆಂಗಳೂರಿನಿಂದ ಬಂದವನು ಇಂದು ‘ದಿಶಾಂಕ್’ ಎಂಬ ಆ್ಯಪನ್ನು ಫೋನಿನಲ್ಲಿ ತೆರೆದು, ತಾನು ನಿಂತ ನೆಲದ ಸರ್ವೆ ನಂಬರನ್ನೂ, ಅದು ಕೆರೆಯೋ ಗೋಮಾಳವೋ ಖಾಸಗಿಯೋ ಎಂಬುದನ್ನೂ ಗಳಿಗೆಯಲ್ಲಿ ತಿಳಿಯಬಲ್ಲ. ಬಹಳ ಉಪಕಾರಿಯಾದ ಸಾಧನ. ಆದರೂ ಅದರ ಗೆರೆಗಳು ಆ ಹಳೆಯ ಗ್ರಾಮನಕಾಶೆಯ ಗೆರೆಗಳೇ. ಅಂಗುಲಕ್ಕೆ 660 ಅಡಿಯ ನಕಾಶೆಯಲ್ಲಿ ಲೇಖನಿಯ ಒಂದು ಗೆರೆಯ ದಪ್ಪವು ನೆಲದ ಮೇಲೆ ಕೆಲವು ಅಡಿಗಳಾಗುವುದನ್ನು ಮರೆತು, ಫೋನನ್ನು ಹಿಡಿದು ಬೇಲಿ ಹಾಕಹೊರಟವರು ವ್ಯಾಜ್ಯವನ್ನು ಕೊಂಡುಕೊಳ್ಳುತ್ತಾರೆ. 1982ರಿಂದ ಇದೇ ಹಾಸನದಲ್ಲಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವು, ಭೂಮಿಯಿಂದ ಸುಮಾರು 36,000 ಕಿಲೋಮೀಟರು ಎತ್ತರದಲ್ಲಿರುವ ಉಪಗ್ರಹಗಳನ್ನು ಅವುಗಳ ನಿಯತ ಸ್ಥಾನದಿಂದ ಕದಲದಂತೆ ಕಾಯುತ್ತಿದೆ. ಅದೇ ಊರಿನ ಸುತ್ತಿನ ಹೊಲಗಳಲ್ಲಿ ಬಾಂದುಕಲ್ಲು ಪ್ರತಿ ಉಳುಮೆಗೂ ಒಂದು ಗೇಣು ಸರಿಯುತ್ತಿರುವುದನ್ನು ತಡೆಯುವ ವಿದ್ಯೆಯೂ ಅಷ್ಟೇ ಶ್ರದ್ಧೆಗೆ ಅರ್ಹವೆಂದು ನನಗೆ ತೋರುತ್ತದೆ.

ಊರೊಳಗಣ ಮನೆ, ಹಿತ್ತಿಲುಗಳ ವಿಷಯ ಇನ್ನೂ ಹಿಂದುಳಿದಿದ್ದಿತು. ಹಳೆಯ ಮಾಪನವು ಕಂದಾಯ ಬರುವ ಹೊಲವನ್ನು ಅಳೆದು, ಗ್ರಾಮಠಾಣವನ್ನು ಒಂದು ಹೊರಗೆರೆಯಿಂದ ಸುತ್ತಿ ಬಿಟ್ಟುಬಿಟ್ಟಿದ್ದಿತು. ಒಳಗೆ ಯಾರ ಗೋಡೆ ಎಲ್ಲಿಯವರೆಗೆ ಎಂಬುದಕ್ಕೆ ನೆರೆಯವರ ನೆನಪೇ ಆಧಾರ. ಗ್ರಾಮ ಪಂಚಾಯಿತಿಗಳಿಗೆ ‘ಇ-ಸ್ವತ್ತು’ ಬಂದು ಒಂಬತ್ತು, ಹನ್ನೊಂದನೆಯ ನಮೂನೆಗಳು ಯಂತ್ರದಿಂದ ಹೊರಡತೊಡಗಿದಾಗ ಅಳತೆಯ ಅಭಾವವೇ ಮೊದಲು ಎದುರಾಯಿತು. 2020ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ, ಕರ್ನಾಟಕವೂ ಮೊದಲ ರಾಜ್ಯಗಳಲ್ಲೊಂದಾಗಿ ಸೇರಿದ ‘ಸ್ವಾಮಿತ್ವ’ ಯೋಜನೆಯಲ್ಲಿ, ಮನೆಮನೆಯ ಎಲ್ಲೆಯ ಮೇಲೆ ಸುಣ್ಣದ ಗೆರೆಯನ್ನು ಎಳೆದು, ಮೇಲಿನಿಂದ ಡ್ರೋನು ಅದನ್ನು ಚಿತ್ರಿಸುತ್ತದೆ. ಡ್ರೋನಿನ ಕಣ್ಣು ಎಷ್ಟೇ ಸೂಕ್ಷ್ಮವಾಗಿದ್ದರೂ ಅದು ಕಾಣುವುದು ಸುಣ್ಣವನ್ನು. ಸುಣ್ಣವನ್ನು ಎಲ್ಲಿ ಸುರಿಯಬೇಕೆಂಬುದನ್ನು ನಿಶ್ಚಯಿಸುವವರು ಬೀದಿಯಲ್ಲಿ ನಿಂತ ಆ ಎರಡು ಮನೆಯವರು. ಆ ದಿನ ಊರಿನಲ್ಲಿಲ್ಲದ ವಿಧವೆಯ, ಕೂಲಿಗೆ ಹೋದವನ, ಮಾತಾಡಲು ಅಂಜುವವನ ಗೋಡೆಯು ಒಂದು ಅಡಿ ಹಿಂದೆ ಸರಿದರೆ, ಅದು ಇನ್ನು ಮುಂದೆ ಸೆಂಟಿಮೀಟರಿನ ನಿಖರತೆಯಿಂದ ಹಿಂದೆ ಸರಿದೇ ಇರುವುದು. ಆದುದರಿಂದ ಸುಣ್ಣ ಹಾಕುವ ದಿನವನ್ನು ಮುಂಚಿತವಾಗಿ ಡಂಗುರ ಹೊಡೆಸಿ ಸಾರುವುದೂ, ಆಕ್ಷೇಪಣೆಗೆ ಸಾಕಷ್ಟು ಕಾಲ ಕೊಡುವುದೂ, ಡ್ರೋನನ್ನು ಹಾರಿಸುವುದಕ್ಕಿಂತ ಹೆಚ್ಚಿನ ಕೆಲಸ.

ಹೊಲಗಳ ಮರುಮಾಪನಕ್ಕೂ ಈಗ ಸರಪಳಿಯ ಬದಲು ರೋವರ್ ಬಂದಿದೆ. ಉಪಗ್ರಹಗಳ ಸಂಕೇತವನ್ನು ಹಿಡಿದು, ಸ್ಥಿರ ನಿಲ್ದಾಣಗಳ ನೆರವಿನಿಂದ ತಿದ್ದಿಕೊಂಡು, ಅದು ಒಂದು ಮೂಲೆಯ ಸ್ಥಾನವನ್ನು ಕೆಲವೇ ಸೆಂಟಿಮೀಟರುಗಳೊಳಗೆ ಹೇಳುತ್ತದೆ. ಹದ್ದುಬಸ್ತಿಗೆ, ಎಂದರೆ ಎಲ್ಲೆಯನ್ನು ಗುರುತಿಸಿಕೊಡುವುದಕ್ಕೆ, ಅರ್ಜಿ ಹಾಕುವುದು, ಸರದಿ ಗೊತ್ತಾಗುವುದು ‘ಮೋಜಿಣಿ’ ಎಂಬ ತಂತ್ರಾಂಶದಲ್ಲಿ. ಆದರೂ ಮೋಜಣಿದಾರನು ಹೊಲಕ್ಕೆ ಹೋಗುವ ಮೊದಲು ಸುತ್ತಣ ಹಿಡುವಳಿದಾರರಿಗೆಲ್ಲ ತಿಳಿವಳಿಕೆಯ ನೋಟೀಸನ್ನು ಕೊಡಬೇಕು. ಹಳೆಯ ಟಿಪ್ಪಣಿಯ ನಕಲನ್ನು ಹಿಡಿದು ಬಾಂದುಕಲ್ಲನ್ನು ಹುಡುಕಬೇಕು. ಅದು ಸಿಕ್ಕದಿದ್ದರೆ ಊರಿನ ವೃದ್ಧರನ್ನು ಕರೆದು ಕೇಳಬೇಕು. ಅಳತೆ ಮುಗಿದ ಮೇಲೆ ಪಂಚರ ಎದುರಿಗೆ ಮಹಜರು ಬರೆದು, ಬಂದವರ ಸಹಿಯನ್ನೂ ಸಹಿ ಬಾರದವರ ಹೆಬ್ಬೆಟ್ಟನ್ನೂ ಪಡೆಯಬೇಕು. ಒಪ್ಪದವನು ಉಂಟಾದರೆ ಅವನು ಒಪ್ಪಲಿಲ್ಲವೆಂಬುದನ್ನೂ ಅಲ್ಲಿಯೇ ಬರೆದುಕೊಳ್ಳಬೇಕು.